ಹೆಸರಿನಿಂದ ಹಗ್ಗ ಕೊಯ್ಯೋಕಾಗಲ್ಲ

ಹೋದ ದೀಪಾವಳಿಗೆ ಹೊಳೆಆಲೂರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ಚಾಕು ಇತ್ತು. ಬೆಲೆ ನಾಲ್ಕು ಸಾವಿರದ ಮುನ್ನೂರು ರೂಪಾಯಿ. ಟ್ರೆಕ್ಕಿಂಗಿಗೆ ಅಂತ ಆನ್‌ಲೈನಿನಲ್ಲಿ ತರಿಸಿದ್ದು. ಕಂಪನಿ ಹೆಸರು ಬೇಡ. ಹಿಡಿಕೆಯ ಮೇಲೆ ಒಬ್ಬ ಪ್ರಸಿದ್ಧರ ಸಹಿ ಇತ್ತು ಅಂದರೆ ಸಾಕು.

ಹಿತ್ತಲ ಬೇಲಿಗೆ ಬಾಗಿದ್ದ ಜಾಲಿ ಟೊಂಗೆಗಳನ್ನು ಸವರೋಣ ಅಂತ ಅದನ್ನೇ ತೆಗೆದೆ. ಮೂರನೇ ಏಟಿಗೆ ಹಿಡಿಕೆ ಅಲುಗಾಡಿತು. ಆರನೇ ಏಟಿಗೆ ಅಲಗು ಕಳಚಿ ಹಾರಿ, ಅವ್ವನ ಕಾಲಿನಿಂದ ಒಂದು ಗೇಣು ಆಚೆ ಬಿತ್ತು.

"ಎಷ್ಟ ಕೊಟ್ಟಿದ್ದೋ ಇದಕ್ಕ?" ಅಂದಳು ಅವ್ವ.

"ನಾನೂರು" ಅಂತ ಸುಳ್ಳು ಹೇಳಿದೆ.

"ನಾನೂರಾ! ಕಂಬಾರ ಕಾಕಾ ಎರಡನೂರಕ್ಕ ಛಲೋ ಕುಡಗೋಲ ಮಾಡಿ ಕೊಡ್ತಿದ್ನಲ್ಲೋ."

ಚಾಕು ಇರೋದು ಕಡಿಯೋದಕ್ಕಲ್ಲ ಅಂತ ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಜಾಹೀರಾತಿನಲ್ಲಿ ಅದೇ ಚಾಕುವಿನಿಂದ ಸೌದೆ ಸೀಳಿ ತೋರಿಸಿದ್ದರು. ನಾನು ಸೀಳಿದ್ದು ಕೂಡ ಅಲ್ಲ, ಹೆಬ್ಬೆರಳು ದಪ್ಪದ ಟೊಂಗೆ ಸವರಿದ್ದು.

ಎರಡು ತುಂಡುಗಳನ್ನೂ ತಗೊಂಡು ಕಂಬಾರ ಕಾಕಾನ ಹತ್ತಿರ ಹೋದೆ. ಅವರು ಸಹಿಯ ಕಡೆ ನೋಡಲೇ ಇಲ್ಲ. ಅಲಗನ್ನು ಕಲ್ಲಿಗೆ ತಟ್ಟಿ ಸದ್ದು ಕೇಳಿದರು. ಆಮೇಲೆ ಹಿಡಿಕೆಯೊಳಗೆ ಕಣ್ಣಿಟ್ಟು, "ತಮ್ಮಾ, ಹಿಡಿಕಿಯೊಳಗ ಎರಡ ಬೆರಳ ಕಬ್ಬಿಣ ಸೈತ ಹೋಗಿಲ್ಲಲ್ಲ. ಬರೇ ಅಂಟಿನ ಮ್ಯಾಲ ನಿಂತೈತಿ" ಅಂದರು. ವಿಡಿಯೋ ವಿಮರ್ಶೆಗಳನ್ನು ತಾಸುಗಟ್ಟಲೆ ನೋಡಿದ್ದ ನನಗೆ ಗೊತ್ತಾಗದ್ದು ಅವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಇದು ನನ್ನೊಬ್ಬನ ಹಣೆಬರಹ ಅಂದುಕೊಳ್ಳಬೇಡಿ. ಬೇರ್ ಗ್ರಿಲ್ಸ್ ಗೊತ್ತಲ್ಲ? 2019ರಲ್ಲಿ ಪ್ರಧಾನಿ ಮೋದಿಯವರ ಜತೆ ಜಿಮ್ ಕಾರ್ಬೆಟ್ ಕಾಡಿನಲ್ಲಿ, 2020ರ ಜನವರಿಯಲ್ಲಿ ರಜನಿಕಾಂತ್ ಜತೆ ನಮ್ಮ ಬಂಡೀಪುರದಲ್ಲಿ ಓಡಾಡಿದವರು. ಅಮೆರಿಕದ ಗರ್ಬರ್ ಕಂಪನಿ ಅವರ ಹೆಸರಿನಲ್ಲಿ ಚಾಕು, ಮಚ್ಚುಗಳ ಸಾಲನ್ನೇ ತಂದಿತ್ತು. ನನ್ನ ಕೈಗೆ ಬಂದದ್ದು ಅವರದಲ್ಲ, ಅದು ಬೇರೆಯೇ. ಆದರೆ 2012ರಲ್ಲಿ ಆ ಸಾಲಿನ 'ಪರಾಂಗ್' ಮಚ್ಚುಗಳನ್ನು, ಸುಮಾರು 28 ಸಾವಿರವನ್ನು, ಕಂಪನಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಅಲಗು ಹಿಡಿಕೆಗೆ ಸೇರುವ ಜಾಗ ದುರ್ಬಲ, ಹಿಡಿಕೆ ಬಿರುಕು ಬಿಡಬಹುದು, ಮುರಿಯಬಹುದು ಅನ್ನೋದು ಕಾರಣ. ಬಹಿರಂಗವಾಗಿ ವಾಪಸ್ ಕರೆಸಿಕೊಂಡದ್ದು ಮರ್ಯಾದೆಯ ಕೆಲಸ, ಒಪ್ಪೋಣ. ಆದರೂ ಯೋಚನೆ ಮಾಡಿ: ಪರಾಂಗ್ ಅನ್ನೋದು ಮಲಯ ನಾಡಿನ ಹಳ್ಳಿಗರ ದಿನಬಳಕೆಯ ಕತ್ತಿ. ಅಲ್ಲಿನ ಕಮ್ಮಾರರು ತಲೆತಲಾಂತರದಿಂದ ಬಡಿದು ಕೊಡುತ್ತಿದ್ದದ್ದು. ಆಕಾರ ಹಳ್ಳಿಯಿಂದ ಬಂತು, ಹೆಸರು ಟೀವಿಯಿಂದ ಬಂತು, ಕೈ ಕೊಟ್ಟದ್ದು ನಡುವಿನ ಬೆಸುಗೆ.

ಇಂಥ ಸಹಿ ಚಾಕುವಿಗೆ ನಾವು ಕೊಡೋ ದುಡ್ಡು ಯಾವುದಕ್ಕೆ? ಉಕ್ಕಿಗೆ ಒಂದಿಷ್ಟು. ಉಳಿದದ್ದು ಸಹಿಗೆ, ಡಬ್ಬಿಗೆ, ಹಗ್ಗದ ತುದಿಯ ಸೀಟಿಗೆ, ಒರೆಯೊಳಗಿನ ಬೆಂಕಿ ಕಡ್ಡಿಗೆ, 'ಕಾಡಿನಲ್ಲಿ ಬದುಕುವುದು ಹೇಗೆ' ಅನ್ನೋ ಪುಟ್ಟ ಪುಸ್ತಕಕ್ಕೆ. ಸ್ವೀಡನ್ನಿನ ಮೋರಾ ಚಾಕುಗಳ ಮೇಲೆ ಯಾವ ಟೀವಿ ಸಾಹಸಿಯ ಸಹಿಯೂ ಬೇಕಾಗಿಲ್ಲ. ಬಡಗಿಗಳು, ಮೀನುಗಾರರು ದಿನಾ ಬಳಸುತ್ತಾರೆ, ಬೆಲೆಯೂ ಕಮ್ಮಿ. ಹಾಗಾಗಿ 'ಒಳ್ಳೇದು ಬೇಕಂದ್ರೆ ದುಡ್ಡು ಬಿಚ್ಚಬೇಕು' ಅನ್ನೋ ನಮ್ಮ ಆಫೀಸಿನ ವೇದವಾಕ್ಯ ಇಲ್ಲಿ ನಡೆಯಲ್ಲ.

ಕಂಬಾರ ಕಾಕಾ ಲಾರಿಯ ಹಳೇ ಕಮಾನ್ ಪಟ್ಟಿ ತರುತ್ತಾರೆ. ವರ್ಷಗಟ್ಟಲೆ ಹತ್ತು ಟನ್ ಭಾರ ಹೊತ್ತು ಬಾಗಿ, ಮತ್ತೆ ನೆಟ್ಟಗಾದ ಉಕ್ಕು ಅದು. ಕೆಂಪಗೆ ಕಾಯಿಸಿ ಬಡಿಯುತ್ತಾರೆ, ನೀರು ಕುಡಿಸುತ್ತಾರೆ. ನೀರು ಕುಡಿದ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಸಿಡಿಯುತ್ತದೆ. ಅದಕ್ಕೇ ಮತ್ತೊಮ್ಮೆ ಹದವಾಗಿ ಕಾಯಿಸಬೇಕು. ಬಾಯಿಯ ಕಡೆ ಒಣಹುಲ್ಲಿನ ಬಣ್ಣ, ಬೆನ್ನಿನ ಕಡೆ ನೀಲಿ ಬಂದಾಗ ನಿಲ್ಲಿಸಬೇಕು. ಆಗ ಬಾಯಿ ಹರಿತ ಹಿಡಿಯುತ್ತದೆ, ಬೆನ್ನು ಏಟು ತಡೆಯುತ್ತದೆ.

ಹಾಗಂತ ಊರಿನದೆಲ್ಲಾ ಬಂಗಾರ ಅಂತ ನಾನು ಹೇಳ್ತಿಲ್ಲ. ಕಾಕಾನ ಕತ್ತಿಗೆ ಎಣ್ಣೆ ಸವರದಿದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಒಂದರ ಹಾಗೆ ಇನ್ನೊಂದು ಇರಲ್ಲ. ಆದರೆ ಕೆಟ್ಟದ್ದು ಕೊಟ್ಟು ತಪ್ಪಿಸಿಕೊಳ್ಳೋಕೆ ಅವರಿಗೆ ಜಾಗ ಇಲ್ಲ. ಹಿಂದೆ ನಮ್ಮ ಕಡೆ ಆಯದ ಪದ್ಧತಿ ಇತ್ತು. ವರ್ಷಪೂರ್ತಿ ರೈತರ ಕುಡಗೋಲು, ಕುರ್ಚಿಗಿ, ಕೊಡ್ಲಿ ಬಡಿದು ಸರಿಮಾಡಿಕೊಟ್ಟು, ರಾಶಿಯ ಹೊತ್ತಿಗೆ ಕಣಕ್ಕೆ ಹೋಗಿ ಕಾಳು ತರಬೇಕು. ಕುಡಗೋಲು ಕೈ ಕೊಟ್ಟರೆ ಕಣದಲ್ಲಿ ಹತ್ತು ಜನರ ಮುಂದೆ ಮಾತು ಕೇಳಬೇಕು. ಜಾತಿಯ ಕಟ್ಟುಪಾಡು, ಅಗ್ಗದ ದುಡಿಮೆ ಎರಡೂ ಆ ಪದ್ಧತಿಯಲ್ಲಿದ್ದವು, ಅದು ಹೋದದ್ದು ಒಳ್ಳೇದೇ. ಆದರೆ ಮಾಡಿದವನೇ ಎದುರಿಗೆ ನಿಂತು ಉತ್ತರ ಕೊಡೋದು ಹೋದದ್ದು ಒಳ್ಳೇದಲ್ಲ. ನನ್ನ ಚಾಕುವಿನ ಬಗ್ಗೆ ನಾನು ಕೇಳಿದಾಗ ಉತ್ತರ ಕೊಟ್ಟದ್ದು ಒಂದು ಚಾಟ್‌ಬಾಟ್.

ಸಹಿ ಹಾಕಿದವರಿಗೆ ಹೊಣೆ ಇಲ್ವಾ? ಕಾನೂನಿನ ಪ್ರಕಾರ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಮಿನಲ್ಲಿ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಯಾವ ಜಾಹೀರಾತಿನಲ್ಲೂ ಬರದಂತೆ ತಡೆಯಬಹುದು. ಆದರೆ ತಾವು ತಕ್ಕಮಟ್ಟಿಗೆ ಪರಿಶೀಲಿಸಿದ್ದೆ ಅಂತ ತೋರಿಸಿದರೆ ಪಾರು. ಹಾಗಾದರೆ ಆ ಪರಿಶೀಲನೆ ಏನು ಅಂತ ಡಬ್ಬಿಯ ಮೇಲೇ ಬರೆಯಲಿ: ಯಾವ ಉಕ್ಕು, ಹಿಡಿಕೆಯೊಳಗೆ ಅಲಗು ಎಷ್ಟು ಉದ್ದ ಹೋಗಿದೆ, ಸಹಿ ಹಾಕಿದವರು ಇದನ್ನು ಎಷ್ಟು ದಿನ ಬಳಸಿದ್ದಾರೆ. ಮೂರು ಸಾಲು ಸಾಕು. ಅದು ಇಲ್ಲದ ಚಾಕುವನ್ನು ನಾವು ಕೊಳ್ಳಬಾರದು.

ಕೊನೆಗೆ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಎರಡು ದಿನ ಬಿಟ್ಟು ಕಾಕಾ ಒಂದು ಕತ್ತಿ ಮಾಡಿಕೊಟ್ಟರು. ಅಲಗು ಹಿಡಿಕೆಯ ಕೊನೆಯವರೆಗೂ ಹೋಗಿ, ಮೂರು ಕಡೆ ರಿವೆಟ್ಟು. ಬೇಲಿಯ ಜಾಲಿ ಪೂರ್ತಿ ಸವರಿದೆ, ಹಿಡಿಕೆ ಕದಲಲಿಲ್ಲ. "ಮುನ್ನೂರ ಐವತ್ತ ಕೊಡ ತಮ್ಮಾ" ಅಂದಾಗ ನನ್ನ ಬಾಯಿಂದ ತಾನಾಗೇ ಬಂತು: "ಮುನ್ನೂರ ತಗೋರಿ ಕಾಕಾ."

ಸಹಿಯ ಮುಂದೆ ನಾಲ್ಕು ಸಾವಿರಕ್ಕೆ ತುಟಿ ಬಿಚ್ಚದವನು ಕುಲುಮೆಯ ಮುಂದೆ ಐವತ್ತು ರೂಪಾಯಿಗೆ ಚೌಕಾಸಿಗೆ ನಿಂತಿದ್ದೆ. ಕಾಕಾ ಏನೂ ಅನ್ನಲಿಲ್ಲ, ಮುನ್ನೂರು ತಗೊಂಡರು. ಅವರ ಮಗ ಗದಗಿನಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಕುಲುಮೆಗೆ ಬರಲ್ಲ ಅಂದಿದ್ದಾನೆ. ಯಾಕೆ ಬರ್ತಾನೆ ಹೇಳಿ? ನಮ್ಮಂಥ ಗಿರಾಕಿಗಳನ್ನು ಅವನು ಸಣ್ಣವನಿದ್ದಾಗಿನಿಂದ ನೋಡಿದ್ದಾನೆ.

ಉಳಿದ ಐವತ್ತನ್ನು ಮರುದಿನ ಬೆಳಿಗ್ಗೆ ಕೊಟ್ಟು ಬಂದೆ. ಇನ್ನೆರಡು ಕತ್ತಿಗೆ ಮುಂಗಡವನ್ನೂ ಕೊಟ್ಟಿದ್ದೇನೆ, ಅವರು ಹೇಳಿದ ಬೆಲೆಗೆ. ಮುಂದಿನ ಟ್ರೆಕ್ಕಿಗೆ ಜತೆಗೆ ಬರೋ ಗೆಳೆಯರಿಗೆ ಅವು.