ನೀರಿನ ಸಾಕ್ಷಿ

ಹಿಮನದಿಯ ಒಡಲಲ್ಲಿ ಹರಿಯುವ ನೀರು ಹಿಮವನ್ನು ಕೊರೆದು ಗುಹೆಗಳನ್ನು ನಿರ್ಮಿಸುತ್ತದೆ. ಹೊರಗಿನ ಬೆಳಕು ಅದರ ನೀಲಿ ಗೋಡೆಗಳಲ್ಲಿ ಇಳಿದಾಗ ತೋರುವ ಚೆಲುವು ವರ್ಣನೆಗೆ ನಿಲುಕದು. ಆದರೆ ಗುಹೆಯನ್ನು ಕೊರೆದ ನೀರೇ ಕಡೆಗೆ ಅದನ್ನು ಕುಸಿಯುವಂತೆಯೂ ಮಾಡುತ್ತದೆ. ಭೂಮಿಯ ಉಷ್ಣತೆ ಏರಿದಂತೆಲ್ಲ ಹಿಮನದಿಗಳು ಬೇಗಬೇಗನೆ ಕರಗಿ ಹಿಂದೆ ಸರಿಯುತ್ತಿವೆ.

ಕರಗಿಹೋಗುವುದರ ಚಿತ್ರ ತೆಗೆದು ಫಲವೇನು ಎಂದು ಕೆಲವರು ಕೇಳಬಹುದು. ಚಿತ್ರದಿಂದ ಹಿಮವು ಉಳಿಯದು, ನಿಜ. ಆದರೆ ಮಾನವನ ನೆನಪು ಮಸುಕಾಗುವಂಥದು. ಹತ್ತು ವರ್ಷದ ಹಿಂದಿನ ನೀರಿನ ಮಟ್ಟದ ಬಗೆಗೆ ಒಂದೇ ಊರಿನ ಇಬ್ಬರು ಎರಡು ಬಗೆಯಾಗಿ ಹೇಳುವರು. ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ಬೇಲಾಗ್ ಅವರು 2007ರಿಂದ ಹಿಮನದಿಗಳಿಗೆ ಎದುರಾಗಿ ಕ್ಯಾಮೆರಾಗಳನ್ನು ನೆಲೆಗೊಳಿಸಿ, ನಿಯತ ಅಂತರದಲ್ಲಿ ವರ್ಷಗಟ್ಟಲೆ ಚಿತ್ರಗಳನ್ನು ತೆಗೆಸಿದರು. ಒಂಟಿ ಚಿತ್ರವು ನೋಟಕ್ಕೆ ಸೊಗಸು; ಒಂದೇ ತಾಣದಿಂದ ತೆಗೆದ ಚಿತ್ರಗಳ ಸಾಲು ಸಾಕ್ಷಿ.

ಆಳಂದ, ಅಫಜಲಪುರ, ಜೇವರ್ಗಿಗಳ ಬಿಸಿಲಿನಲ್ಲಿ ಬೆಳೆದ ವಿದ್ಯಾರ್ಥಿಗೆ ಹಿಮದ ಮಾತು ದೂರದ್ದೆನಿಸಬಹುದು. ಭೀಮೆಯು ಹಿಮದಿಂದ ಹುಟ್ಟಿದವಳಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಮಳೆಯನ್ನು ನಂಬಿ ಹರಿಯುವವಳು. ಆದರೆ ಹಿಮವನ್ನು ಕರಗಿಸುವ ಬಿಸಿಯೇ ಮಳೆಯ ನಡೆಯನ್ನೂ ಕದಡುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆಗ ಸುರಿಯುವ ಮಳೆ ಹೆಚ್ಚು ಬಿರುಸಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿದಳು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಒಂದು ನೆರೆಗೋ ಒಂದು ಬರಕ್ಕೋ ಬಿಸಿಯೊಂದೇ ಕಾರಣವೆನ್ನಲಾಗದು. ಅಣೆಕಟ್ಟುಗಳಿಂದ ಬಿಡುವ ನೀರು, ಬಳಸುವ ನೀರು ಇವೂ ನದಿಯನ್ನು ಬದಲಿಸುತ್ತವೆ. ಆದುದರಿಂದಲೇ ಬಹುಕಾಲದ ದಾಖಲೆ ಅಗತ್ಯ.

ಆಳಂದ ಸೀಮೆಯಿಂದ ಬರುವ ಅಮರ್ಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿ ಸುರಕ್ಷಿತವಾದ ಎತ್ತರದಲ್ಲಿ ನಿಂತು, ಆಚೆ ದಡದ ಒಂದು ಗುರುತನ್ನು ಹಿಡಿದು, ತಿಂಗಳಿಗೊಮ್ಮೆ ಚಿತ್ರ ತೆಗೆದು ದಿನಾಂಕ ಬರೆದಿಡುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಸಾಕ್ಷಿಗಾಗಿ ಸಾಹಸ ಬೇಡ. ಐಸ್‌ಲೆಂಡಿನಲ್ಲಿ ಹಿಮಗುಹೆಗಳನ್ನು ನೋಡಹೋಗಿದ್ದ ಪ್ರವಾಸಿಯೊಬ್ಬರು 2024ರ ಆಗಸ್ಟಿನಲ್ಲಿ ಹಿಮ ಕುಸಿದು ಮೃತರಾದರು. ಉಕ್ಕುವ ಹೊಳೆಯ ಅಂಚೂ ಅಷ್ಟೇ ಅಪಾಯಕರ.

ಹಿಮಗುಹೆ ಅಳಿದ ಮೇಲೆ ಅದರ ಚಿತ್ರ ಬರಿಯ ನೆನಪು. ಭೀಮೆ ಇನ್ನೂ ಹರಿಯುತ್ತಿದ್ದಾಳೆ. ಅವಳ ಚಿತ್ರವನ್ನು ಇಂದೇ ತೆಗೆದಿಟ್ಟವರು ನಾಳೆ ಅವಳ ಪರವಾಗಿ ಆಧಾರಸಹಿತ ಮಾತನಾಡಬಲ್ಲರು.