ಜಿ.ಎಸ್.ಟಿ.ಯಲ್ಲಿ ನಮ್ಮೂರಿನ ಪಾಲೆಷ್ಟು?

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಹಿರಿಯ ವರ್ತಕರಿಗೆ ಅನುಭವದ ಮಾತು. 1979ರವರೆಗೆ ನಮ್ಮ ರಾಜ್ಯದ ಪಟ್ಟಣಗಳಲ್ಲಿ ಆಕ್ಟ್ರಾಯ್ ಸುಂಕವಿದ್ದಿತು. ಲಾರಿಗಳನ್ನು ತಡೆದು ನಿಲ್ಲಿಸುವ ಕಿರುಕುಳವಿದ್ದರೂ ಆ ಹಣ ಆಯಾ ಪುರಸಭೆಗೇ ಸೇರುತ್ತಿತ್ತು. ಚರಂಡಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕೆಂಬುದು ತೆರಿಗೆದಾರನಿಗೆ ತಿಳಿದಿತ್ತು. ಆ ವರ್ಷ ಆಕ್ಟ್ರಾಯ್ ರದ್ದಾಗಿ, ರಾಜ್ಯ ಸರ್ಕಾರವೇ ವಸೂಲು ಮಾಡುವ ಪ್ರವೇಶ ತೆರಿಗೆ ಬಂದಿತು. 2017ರ ಜುಲೈ 1ರಂದು ಅದೂ ಜಿ.ಎಸ್.ಟಿ.ಯಲ್ಲಿ ಲೀನವಾಯಿತು.

ಆದಕಾರಣ, ನಾವು ಕಟ್ಟುವ ತೆರಿಗೆಯ ಒಂದು ಪಾಲು ಕೊಳ್ಳೇಗಾಲ, ಹನೂರು, ಯಳಂದೂರುಗಳ ರಸ್ತೆ, ಚರಂಡಿ, ಸಂತೆಮಾಳಗಳಿಗೆ ಮರಳಲಿ ಎಂಬ ಬೇಡಿಕೆ ನ್ಯಾಯವಾದುದೇ. ಆದರೆ 'ವಸೂಲಾದ ಊರಿಗೇ ವಾಪಸು' ಎಂಬ ಸೂತ್ರ ನಮಗೇ ತಿರುಗುಬಾಣವಾದೀತು.

ಜಿ.ಎಸ್.ಟಿ. ಬಳಕೆಯ ಸ್ಥಳವನ್ನು ಅನುಸರಿಸುವ ತೆರಿಗೆ. ಕೊಳ್ಳೇಗಾಲದ ನೋಂದಾಯಿತ ವರ್ತಕರು 10,000 ರೂ. ಬೆಲೆಯ ರೇಷ್ಮೆ ಸೀರೆಯನ್ನು ಬೆಂಗಳೂರಿಗೆ ಮಾರಿದರೆ ಶೇ. 5ರಂತೆ 500 ರೂ. ತೆರಿಗೆ, ಕೇಂದ್ರಕ್ಕೆ 250, ರಾಜ್ಯಕ್ಕೆ 250. ಅದೇ ಸೀರೆ ಚೆನ್ನೈನ ಅಂಗಡಿಯಲ್ಲಿ ಮಾರಾಟವಾದರೆ ರಾಜ್ಯದ ಪಾಲು ತಮಿಳುನಾಡಿಗೆ. ನೇಯ್ದ ಊರಿಗೆ ಇದರಲ್ಲಿ ಹಕ್ಕಿಲ್ಲ.

ಇನ್ನು ಹನೂರು ಭಾಗದ ಗ್ರಾಹಕರು ಕೊಳ್ಳೇಗಾಲಕ್ಕೆ ಬಂದು ಖರೀದಿಸಿದರೆ ಬಿಲ್ಲು ಕೊಳ್ಳೇಗಾಲದ್ದು. ವಸೂಲಾತಿಯ ಲೆಕ್ಕದಲ್ಲಿ ದೊಡ್ಡ ಪೇಟೆಗೆ ಲಾಭ, ಸಣ್ಣ ಊರುಗಳಿಗೆ ನಷ್ಟ. ಮೇಲಾಗಿ, ಗ್ರಾಹಕರಿಗೆ ಮಾಡಿದ ಚಿಲ್ಲರೆ ಮಾರಾಟವನ್ನು ನಾವು ಜಿ.ಎಸ್.ಟಿ.ಆರ್.-1ರಲ್ಲಿ ತೋರಿಸುವುದು ರಾಜ್ಯವಾರು ಮೊತ್ತವಾಗಿ. ಊರುವಾರು ಲೆಕ್ಕ ಅದರಲ್ಲಿ ಸಿಗದು.

ಹಾಗಾದರೆ ಹೊಸ ಸ್ಥಳೀಯ ತೆರಿಗೆ? 2016ರ 101ನೇ ಸಂವಿಧಾನ ತಿದ್ದುಪಡಿಯು ಪ್ರವೇಶ ತೆರಿಗೆಯ ಅಧಿಕಾರವನ್ನು ರಾಜ್ಯಪಟ್ಟಿಯಿಂದಲೇ ತೆಗೆದುಹಾಕಿದೆ. ಜಮಾ ಪಡೆಯಲಾಗದ ಮತ್ತೊಂದು ತೆರಿಗೆಯನ್ನು ಬಯಸುವ ವರ್ತಕನೂ ಇರಲಾರ.

ಉಳಿದಿರುವುದು ಒಂದೇ ದಾರಿ. ಸ್ಥಳೀಯ ಸಂಸ್ಥೆಗಳಿಗೆ ರಾಜ್ಯದ ತೆರಿಗೆಯಲ್ಲಿ ಎಷ್ಟು ಪಾಲು ಸಲ್ಲಬೇಕೆಂದು ಶಿಫಾರಸು ಮಾಡಲು ಸಂವಿಧಾನದ 243-ಐ ಮತ್ತು 243-ವೈ ವಿಧಿಗಳಡಿ ರಾಜ್ಯ ಹಣಕಾಸು ಆಯೋಗವಿದೆ. ರಾಜ್ಯ ಜಿ.ಎಸ್.ಟಿ.ಯ ನಿಗದಿತ ಪಾಲನ್ನು ಜನಸಂಖ್ಯೆ ಮತ್ತು ಹಿಂದುಳಿದಿರುವಿಕೆಯ ಆಧಾರದ ಮೇಲೆ ಹಂಚಿ, ಮೂಲಸೌಕರ್ಯಕ್ಕೆ ಮಾತ್ರ ಮೀಸಲಿಡಬೇಕೆಂದು ವರ್ತಕರ ಸಂಸ್ಥೆಗಳು ಆಯೋಗದ ಮುಂದೆ ಮನವಿ ಸಲ್ಲಿಸಬೇಕು.

ಅಮೆರಿಕದ ಓಕ್ಲಹೋಮ ನಗರದ ಮತದಾರರು 1993ರಲ್ಲಿ ಡಾಲರಿಗೆ ಒಂದು ಸೆಂಟಿನ ಮಾರಾಟ ತೆರಿಗೆಯನ್ನು ತಾವೇ ಒಪ್ಪಿದರು. ಕಾರಣ, ಗ್ರಂಥಾಲಯ, ಕ್ರೀಡಾಂಗಣ, ಕಾಲುವೆ ಎಂದು ಕಾಮಗಾರಿಗಳ ಪಟ್ಟಿ ಮುಂಚಿತವಾಗಿಯೇ ಪ್ರಕಟವಾಗಿತ್ತು; ತೆರಿಗೆಗೆ ಕಾಲಮಿತಿಯೂ ಇತ್ತು. ತೆರಿಗೆಯ ಸ್ವರೂಪ ನಮಗೆ ಅನ್ವಯಿಸದಿದ್ದರೂ ಆ ಶಿಸ್ತು ಅನ್ವಯಿಸುತ್ತದೆ.

ಆದುದರಿಂದ ಹಣದ ಜೊತೆಗೆ ಲೆಕ್ಕವನ್ನೂ ಕೇಳೋಣ. ಕಾಮಗಾರಿಯ ಹೆಸರು, ಮಂಜೂರಾದ ಮೊತ್ತ, ಖರ್ಚಾದ ಮೊತ್ತ ಸ್ಥಳೀಯ ಸಂಸ್ಥೆಯ ಫಲಕದ ಮೇಲೆ ಕಾಣಲಿ. ನಾವು ತಪ್ಪದೆ ಸರ್ಕಾರಕ್ಕೆ ರಿಟರ್ನ್ ಸಲ್ಲಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ ಊರಿನ ಆಡಳಿತ ನಮಗೊಂದು ರಿಟರ್ನ್ ಸಲ್ಲಿಸಲಿ.