ಅರ್ಧ ಕತೆಗೆ ಪೂರಾ ಟಿಕೀಟು!

2023ರ ಮಾರ್ಚ್ ತಿಂಗಳು. ಇಚಲಕರಂಜಿಯ ಮಗ್ಗದ ಕೇರಿಯ ನಮ್ಮ ಹುಡುಗನೊಬ್ಬ ನಿಪ್ಪಾಣಿಗೆ ಹೋಗಿ ‘ಕಬ್ಜ’ ನೋಡಿ ಬಂದ. ಕತೆ ಏನಪ್ಪಾ ಅಂತ ಕೇಳಿದೆವು. “ಎರಡನೇ ಭಾಗದಾಗ ಹೇಳ್ತಾರಂತ್ರಿ ಸರ್” ಅಂದ. ಬಸ್ ಚಾರ್ಜು ಪೂರಾ, ಟಿಕೀಟು ಪೂರಾ, ಕತೆ ಮಾತ್ರ ಅರ್ಧ!

ಉಪೇಂದ್ರ, ಸುದೀಪ್, ಶಿವರಾಜ್‌ಕುಮಾರ್ ಮೂವರೂ ಇದ್ದ ಆ ಚಿತ್ರ ನಿರೀಕ್ಷೆಯಷ್ಟು ಓಡಲಿಲ್ಲ. ಇಂಥ ಹೊತ್ತಿನಲ್ಲಿ ಗಾಂಧಿನಗರ ಬೈಯುವುದು ಪ್ರೇಕ್ಷಕರನ್ನೇ. ಜನ ಮೊಬೈಲಿಗೆ ಅಂಟಿಕೊಂಡಿದ್ದಾರೆ, ಥಿಯೇಟರಿಗೆ ಬರೋದಿಲ್ಲ ಅಂತ. ಸುಳ್ಳು ಸ್ವಾಮಿ! ಅದರ ಹಿಂದಿನ ವರ್ಷ, 2022ರಲ್ಲಿ, ಇದೇ ಜನ ‘ಕೆಜಿಎಫ್ ಚಾಪ್ಟರ್ 2’ ಮತ್ತು ‘ಕಾಂತಾರ’ಕ್ಕೆ ಮುಗಿಬಿದ್ದಿರಲಿಲ್ಲವೇ?

ಕೆಜಿಎಫ್ ಕೂಡ ಎರಡು ಭಾಗ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ 2018ರ ಮೊದಲ ಭಾಗದಲ್ಲಿ ರಾಕಿ ಗರುಡನನ್ನು ಕೊಲ್ಲಲು ಹೊರಡುತ್ತಾನೆ, ಕೊನೆಗೆ ಕೊಂದೇ ಬಿಡುತ್ತಾನೆ. ಒಂದು ಪಾಠ ಮುಗಿಸಿ, ಮುಂದಿನ ಪಾಠದ ಹೆಸರು ಹೇಳಿದ ಹಾಗೆ. ತಮಿಳಿನ ‘ಇಂಡಿಯನ್ 2’ ಏನು ಮಾಡಿತು? 1996ರ ಚಿತ್ರದ ಹೆಸರನ್ನು 28 ವರ್ಷಗಳ ನಂತರ, 2024ರಲ್ಲಿ ಅಡವಿಟ್ಟು, ಕೊನೆಗೆ ಮೂರನೇ ಭಾಗದ ಟ್ರೇಲರ್ ತೋರಿಸಿ ಜನರನ್ನು ಮನೆಗೆ ಕಳಿಸಿತು. ಮಕಾಡೆ ಮಲಗಿತು.

1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದು ನಮ್ಮ ಕೊಲ್ಹಾಪುರದಲ್ಲಿ. ಈ ಸೀಮೆಯ ಜನರಿಗೆ ಸಿನಿಮಾ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ದೊಡ್ಡ ಹೆಸರು ಮೊದಲ ದಿನ ಹೌಸ್‌ಫುಲ್ ಬೋರ್ಡು ತಂದೀತು. ಸೋಮವಾರದ ಆಟ ತುಂಬಿಸುವುದು ಕತೆಯೇ.

2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ನೆನಪಿದೆಯಲ್ಲ? ಹಿಂದೆ ಯಾವ ಭಾಗವೂ ಇಲ್ಲ, ಕೋಟಿಗಳ ಅಬ್ಬರವೂ ಇಲ್ಲ. ನಮ್ಮಂಥದೇ ಒಂದು ಗಡಿಶಾಲೆಯ ಕತೆ. ಜನ ಕೈಹಿಡಿದರು, ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಈಗ ಬೆರಳು ನಮ್ಮ ಕಡೆಗೇ ತಿರುಗಿಸೋಣ. ಗಡಹಿಂಗ್ಲಜದ ಕನ್ನಡ ಮನೆಗಳಿರಲಿ, ಇಚಲಕರಂಜಿಯವಿರಲಿ, ‘ಕನ್ನಡ ಶಾಲೆ’ ಎಂಬ ಬೋರ್ಡು ನೋಡಿಯೇ ಮಕ್ಕಳನ್ನು ಕಳಿಸುತ್ತವೆ ಎಂದು ನಾವು ಮಾಸ್ತರರೂ ನಂಬಿ ಕುಳಿತಿಲ್ಲವೇ? ಹೆಸರಿನ ಮೇಲಿನ ಅಭಿಮಾನ ಮಗುವನ್ನು ಒಂದನೇ ತರಗತಿಗೆ ತಂದೀತು. ಎರಡನೇ ತರಗತಿಗೂ ಉಳಿಸಿಕೊಳ್ಳುವುದು ಪಾಠ. ಈ ವರ್ಷ ಕಲಿಸಬೇಕಾದ್ದನ್ನು ಈ ವರ್ಷವೇ ಪೂರಾ ಕಲಿಸದಿದ್ದರೆ, ನಮ್ಮ ‘ಭಾಗ ಎರಡಕ್ಕೆ’ ಬೆಂಚುಗಳು ಖಾಲಿ. ಆಗ ತಾಯ್ತಂದೆಯರನ್ನು ಬೈದು ಪ್ರಯೋಜನವಿಲ್ಲ.

ಏನಂತೀರಿ?